ನಾಳೆ ಬಾ

1990ರ ಸುಮಾರಿಗೆ ನಮ್ಮ ಕಡೆ ದೆವ್ವದ ಗುಲ್ಲೆದ್ದು, ಮನೆಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರು. ದೆವ್ವ ಅದನ್ನು ಓದಿಕೊಂಡು ವಾಪಸು ಹೋಗುತ್ತಿತ್ತಂತೆ. ಆ ಬರಹ ಈಗ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಬಂದು ಕೂತಿದೆ. ಓದಿಕೊಂಡು ವಾಪಸು ಹೋಗುವವರು ನಾವು.

ನನ್ನ ಅತ್ತಿಗೆಗೆ ಹೃದಯದ ಕವಾಟ ಬದಲಾಯಿಸಿದ್ದಾರೆ. ಲೋಹದ ಕವಾಟ, ಬದುಕಿರುವಷ್ಟು ದಿನ ವಾರ್ಫರಿನ್ ಮಾತ್ರೆ ನುಂಗಬೇಕು. ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಕವಾಟದಲ್ಲೇ ರಕ್ತ ಹೆಪ್ಪುಗಟ್ಟುತ್ತದೆ. ಅದಕ್ಕೇ ಆಗಾಗ ಐ.ಎನ್.ಆರ್. ಪರೀಕ್ಷೆ. ಬೆಳಿಗ್ಗೆ ಏಳಕ್ಕೆ ಬಸ್ಸು, ಚೀಟಿಗೊಂದು ಸಾಲು, ಡಾಕ್ಟರಿಗೊಂದು ಸಾಲು, ರಕ್ತ ಕೊಡಲು ಇನ್ನೊಂದು. ರಿಪೋರ್ಟ್ ಬರುವುದು ಮಧ್ಯಾಹ್ನ ಮೂರಕ್ಕೆ. ಅಷ್ಟರಲ್ಲಿ ಡಾಕ್ಟರು ಎದ್ದು ಹೋಗಿರುತ್ತಾರೆ. ‘ನಾಳೆ ಬನ್ನೀಮ್ಮ.’ ಹೋದ ತಿಂಗಳು ಅವರ ಜೊತೆ ಹೋಗಲು ನಾನು ಎರಡು ದಿನ ರಜೆ ಹಾಕಿದೆ. ನನ್ನ ಸಂಬಳವೇನೂ ಕಡಿತವಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಗಾರೆ ಕೆಲಸದ ಹೆಂಗಸಿಗೆ ಎರಡು ದಿನದ ಕೂಲಿ ಹೋಯಿತು. ಅವಳದೂ ಅದೇ ಕವಾಟ, ಅದೇ ಮಾತ್ರೆ. ‘ಮುಂದಿನ ಸಲ ಬರಾಕಿಲ್ಲ ಬಿಡಕ್ಕಾ, ಹಳೇ ಚೀಟೀಲಿರೋದನ್ನೇ ನುಂಗ್ತೀನಿ’ ಅಂದಳು. ನನ್ನ ಎದೆ ಝಲ್ಲೆಂದಿತು.

ಇದೇ ಪರೀಕ್ಷೆಯನ್ನು ಬೆರಳ ತುದಿಯ ಒಂದು ಹನಿ ರಕ್ತದಿಂದ, ಒಂದೆರಡು ನಿಮಿಷದಲ್ಲಿ, ಡಾಕ್ಟರ ಮೇಜಿನ ಮೇಲೆಯೇ ಮಾಡುವ ಪುಟ್ಟ ಯಂತ್ರ ಬಂದು ಎಷ್ಟೋ ವರ್ಷವಾಯಿತು. ಸಕ್ಕರೆ ಕಾಯಿಲೆಯವರ ಮನೆಗಳಲ್ಲಿ ಗ್ಲುಕೋಮೀಟರ್ ಇರುವುದನ್ನು ನೀವೂ ಕಂಡಿದ್ದೀರಿ. 2020ರಲ್ಲಿ ಕೊರೊನಾ ಬಂದಾಗ ಶಾಮಿಯಾನದ ಕೆಳಗೆ ಕೂರಿಸಿ ಅರ್ಧ ಗಂಟೆಯೊಳಗೆ ರ‍್ಯಾಪಿಡ್ ಟೆಸ್ಟ್ ಫಲಿತಾಂಶ ಕೊಡಲಿಲ್ಲವೆ? ಆಗ ಆಳುವವರಿಗೂ ಭಯವಿತ್ತು. ಬಡ ಹೆಂಗಸಿನ ಕವಾಟದ ಕಾಯಿಲೆ ಯಾರಿಗೂ ಅಂಟುವುದಿಲ್ಲ ನೋಡಿ.

‘ಅದರ ಸ್ಟ್ರಿಪ್ ದುಬಾರಿ ಮೇಡಂ’ ಎಂದರು ಅಲ್ಲಿನವರೊಬ್ಬರು. ದುಬಾರಿಯೇ, ಸರಿ. ಆದರೆ ಆ ಹೆಂಗಸಿನ ಕೂಲಿ, ಬಸ್ ಚಾರ್ಜು ಯಾರ ಖಾತೆಗೆ? ನಾನು ಸಮಾಜ ಪಾಠ ಹೇಳುವವಳು, ಆದರೂ ಇಷ್ಟು ಲೆಕ್ಕ ನನಗೂ ಬರುತ್ತದೆ. ಯಂತ್ರ ತಂದಿಟ್ಟರಷ್ಟೇ ಸಾಲದು, ಒಪ್ಪುತ್ತೇನೆ. ಅದನ್ನು ಆಗಾಗ ಲ್ಯಾಬಿನ ಫಲಿತಾಂಶದೊಡನೆ ತಾಳೆ ನೋಡಬೇಕು, ಅವಧಿ ಮುಗಿದ ಸ್ಟ್ರಿಪ್ ಬಳಸಬಾರದು, ಅಂಕಿ ತೀರಾ ಹೆಚ್ಚಾಗಿ ಬಂದರೆ ಲ್ಯಾಬಿಗೇ ಕಳಿಸಬೇಕು. ಒಬ್ಬ ನರ್ಸಮ್ಮನಿಗೆ ಕಲಿಸಿದರೆ ಆಯಿತು: ಸಾಲಿನಲ್ಲಿರುವಾಗಲೇ ಬೆರಳು ಚುಚ್ಚಿ, ಅಂಕಿ ಬರೆದು ಒಳಗೆ ಬಿಡುತ್ತಾರೆ, ಡಾಕ್ಟರು ಅಲ್ಲೇ ಮಾತ್ರೆ ತಿದ್ದಿ ಕೊಡುತ್ತಾರೆ.

ಇದನ್ನೇ ಅರ್ಜಿಯಾಗಿ ಬರೆದು ಮಹಿಳಾ ಸಮಾಜದವರ ಸಹಿ ಹಾಕಿಸಿದ್ದೇನೆ. ಮುಂದಿನ ವಾರ ಅತ್ತಿಗೆಯ ಸರದಿ. ಆ ಗಾರೆ ಕೆಲಸದವಳು ಬಂದಿರುತ್ತಾಳೋ ಇಲ್ಲವೋ, ನೋಡಬೇಕು.