ಬಾಯಿ ಉರಿ, ದವಡೆ ನೋವು

ಹಲ್ಲಿನಲ್ಲಿ ಹುಳುಕಿಲ್ಲ, ಬಾಯಲ್ಲಿ ಹುಣ್ಣಿಲ್ಲ. ಆದರೂ ಮೆಣಸು ತಾಗಿದಂತೆ ನಾಲಗೆ ಉರಿಯುತ್ತದೆ. ಮುಟ್ಟು ನಿಂತ ಮಹಿಳೆಯರಲ್ಲಿ ಈ ದೂರು ಹೆಚ್ಚು. 'ಎಲ್ಲಾ ನಿನ್ನ ಭ್ರಮೆ' ಎನ್ನುತ್ತಾರೆ ಮನೆಯವರು. ಭ್ರಮೆಯಲ್ಲ, ಉರಿ ನಿಜವಾದದ್ದೇ. ರಕ್ತಹೀನತೆ, ಬಿ-12 ಕೊರತೆ, ಸಕ್ಕರೆ ಕಾಯಿಲೆ, ಥೈರಾಯ್ಡ್, ಸರಿಯಾಗಿ ಕೂರದ ಹಲ್ಲಿನ ಸೆಟ್ ಇವುಗಳಲ್ಲಿ ಯಾವುದಾದರೂ ಇದೆಯೇ ಎಂದು ಮೊದಲು ಪರೀಕ್ಷಿಸಬೇಕು. ಯಾವುದೂ ಇಲ್ಲದಿದ್ದರೆ ಅದು ನರಗಳ ತೊಂದರೆ, ಅದಕ್ಕೂ ಔಷಧಿಯಿದೆ.

ದವಡೆ ಕೀಲಿನ ತೊಂದರೆಯಲ್ಲಿ ಕಿವಿಯ ಮುಂದೆ ನೋವು, ಬಾಯಿ ತೆರೆದಾಗ 'ಟಕ್' ಎಂಬ ಸದ್ದು. ನೋವಿಲ್ಲದ ಬರೀ ಸದ್ದಿಗೆ ಚಿಕಿತ್ಸೆ ಬೇಡ. ನೋವಿದ್ದರೆ ಕೆಲವು ವಾರ ಮೆತ್ತಗಿನ ಆಹಾರ, ಬಿಸಿ ಶಾಖ, ಆಕಳಿಸುವಾಗ ಗದ್ದಕ್ಕೆ ಕೈಯಾಸರೆ. ಹೆಚ್ಚಿನವರಿಗೆ ಇಷ್ಟು ಸಾಕು. 'ಈ ಹಲ್ಲೇ ಕಾರಣ' ಎಂದು ಗಟ್ಟಿ ಹಲ್ಲು ಕೀಳಿಸಿಕೊಂಡರೆ ಹಲ್ಲು ಹೋಗುತ್ತದೆ, ನೋವು ಉಳಿಯುತ್ತದೆ.

ಆದರೆ ಎಲೆಯಡಿಕೆ ಹಾಕುವವರಿಗೆ ಖಾರ ತಿಂದಾಗ ಉರಿ, ಜೊತೆಗೆ ಬಾಯಿ ಬಿಗಿತ ಬಂದರೆ ಅದನ್ನು ಕೀಲುನೋವೆಂದು ತಳ್ಳಿಹಾಕಬೇಡಿ. ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ತೂರಿಸಿ ನೋಡಿ. ಹೋಗದಿದ್ದರೆ ಅದು ಸಬ್‌ಮ್ಯೂಕಸ್ ಫೈಬ್ರೋಸಿಸ್ ಇರಬಹುದು. ಕ್ಯಾನ್ಸರಿಗೆ ತಿರುಗಬಲ್ಲ ಕಾಯಿಲೆ. 1952ರಲ್ಲಿ ಇದು ವರದಿಯಾದದ್ದು ಪೂರ್ವ ಆಫ್ರಿಕಾದಲ್ಲಿದ್ದ ಐವರು ಭಾರತೀಯ ಮಹಿಳೆಯರಲ್ಲೇ! 'ನಾನು ಹೊಗೆಸೊಪ್ಪು ಮುಟ್ಟುವುದಿಲ್ಲ' ಎಂಬ ಸಮಾಧಾನವೂ ಬೇಡ. ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಅಡಿಕೆಯನ್ನು ಇಂದೇ ಬಿಟ್ಟು, ಹತ್ತಿರದ ದಂತ ಕಾಲೇಜಿನ ಓರಲ್ ಮೆಡಿಸಿನ್ ವಿಭಾಗದಲ್ಲಿ ಬಾಯಿ ತೋರಿಸಿ. ಮಹಿಳಾ ವೈದ್ಯರೇ ಬೇಕೆಂದು ಕೇಳಲು ಸಂಕೋಚ ಬೇಡ.