ಒಂದು ಹಲ್ಲಿನ ತಪ್ಪು

ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳ ಕಾಲ 2023ರ ಅಕ್ಟೋಬರಿನಲ್ಲಿ ಮುಗಿಯಿತು. ಅವುಗಳಲ್ಲಿ ಕೊನೆಯದು ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ. 20 ವರ್ಷಗಳ ವಯೋಮಿತಿ ತುಂಬಿದೊಡನೆ ಅದೂ ರಸ್ತೆಯಿಂದ ಮರೆಯಾಯಿತು. ಕುರ್ಲಾದ ಕಾರ್ಖಾನೆಯಲ್ಲಿ ಹುಟ್ಟಿದ ಆ ಕಾರು ಇಂದು ಉಳಿದಿರುವುದು ಅದನ್ನು ಬಿಡಲಾರದ ಕೆಲವು ಮನೆಗಳವರ ಬಳಿ ಮಾತ್ರ. ನಮ್ಮ ಬಳಗದ ಹಿರಿಯರೊಬ್ಬರೂ ಅಂಥವರಲ್ಲಿ ಒಬ್ಬರು. ಮಕ್ಕಳು ಚಿಕ್ಕವರಿದ್ದಾಗ ಪ್ರತಿ ಮೇ ತಿಂಗಳಲ್ಲಿ ಕುಮಟೆಯ ಮನೆಗೆ ಅವರು ಹೋಗುತ್ತಿದ್ದುದು ಅದರಲ್ಲಿಯೇ.

ಎಣ್ಣೆ ಸುಟ್ಟು ಹೊಗೆ ಕಾರತೊಡಗಿದ ಆ ಕಾರಿನ ಎಂಜಿನ್ನನ್ನು ಅವರು ಒಂದು ಗ್ಯಾರೇಜಿನಲ್ಲಿ ಪೂರ್ತಿ ಬಿಚ್ಚಿಸಿ ಹೊಸತು ಮಾಡಿಸಿದರು. ಪಿಸ್ಟನ್ ರಿಂಗು, ಬೇರಿಂಗು, ವಾಲ್ವು, ಚೈನು ಎಲ್ಲವೂ ಹೊಸತು. ಹೊಗೆ ನಿಂತಿತು, ಜೊತೆಗೆ ಕಸುವೂ ನಿಂತಿತು. ಕಾರು ಸ್ಟಾರ್ಟ್ ಆಗುತ್ತಿತ್ತು, ನಿಂತಲ್ಲಿ ಸಮಾಧಾನವಾಗಿ ಓಡುತ್ತಿತ್ತು, ಏರು ಬಂದರೆ ಮಾತ್ರ ಉಸಿರು ಕಟ್ಟಿದಂತಾಗುತ್ತಿತ್ತು. ಗ್ಯಾರೇಜಿನವರು ಮೂರು ಸಲ ಡಿಸ್ಟ್ರಿಬ್ಯೂಟರ್ ತಿರುಗಿಸಿ ಕಳುಹಿಸಿದರು. ನಾಲ್ಕನೆಯ ಸಲ, ರಿಂಗು ಕೂತಿಲ್ಲ, ಮತ್ತೆ ಬಿಚ್ಚಬೇಕು, ಇಲ್ಲವಾದರೆ ಗುಜರಿಗೆ ಕೊಡುವುದೇ ಲೇಸು ಎಂದರು. ಭಾನುವಾರದ ಕೂಟದಲ್ಲಿ ಹಿರಿಯರು "ಕೊಟ್ಟುಬಿಡೋಣವೇ?" ಎಂದು ಕೇಳಿದಾಗ ನಮ್ಮಲ್ಲಿ ಯಾರಿಗೂ ಕೂಡಲೇ ಉತ್ತರ ಹೊಳೆಯಲಿಲ್ಲ.

ಆ ಪ್ರಶ್ನೆಯ ಬೆನ್ನು ಹತ್ತಿ ನಾವು ತಲುಪಿದ ನಿಲುವು ಇದು: ಹೊಸದಾಗಿ ಜೋಡಿಸಿದ ಎಂಜಿನ್ನನ್ನು ಮತ್ತೆ ಬಿಚ್ಚುವ ಮೊದಲು ಅಳೆಯಬೇಕು. ಆ ಅಳತೆಗೂ ಒಂದು ಕ್ರಮವಿದೆ. ಮೊದಲು ವಾಲ್ವುಗಳ ಕಾಲ, ಆಮೇಲೆ ಕಿಡಿಯ ಕಾಲ. ಈ ಕ್ರಮ ತಿರುಗುಮುರುಗಾದರೆ ಒಂದು ತಪ್ಪು ಇನ್ನೊಂದರ ಮರೆಯಲ್ಲಿ ಅಡಗಿ ಕೂರುತ್ತದೆ.

ಅದು ಹೇಗೆಂಬುದನ್ನು ವಿವರಿಸಬೇಕು. ಪದ್ಮಿನಿಯದು 1089 ಸಿಸಿಯ, ನಾಲ್ಕು ಸಿಲಿಂಡರುಗಳ ಎಂಜಿನ್. ಅದರ ಕ್ಯಾಮ್‌ಶಾಫ್ಟ್ ಎಂಜಿನ್ನಿನ ಒಡಲೊಳಗೇ ಇದ್ದು ಕಡ್ಡಿಗಳ ಮೂಲಕ ಮೇಲಿನ ವಾಲ್ವುಗಳನ್ನು ತೆರೆಯುತ್ತದೆ. ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ಸುತ್ತಿದಾಗ ಕ್ಯಾಮ್‌ಶಾಫ್ಟ್ ಒಂದು ಸುತ್ತು ಸುತ್ತುತ್ತದೆ. ಆದಕಾರಣ ಅದರ ಹಲ್ಲುಚಕ್ರದಲ್ಲಿ ಎರಡು ಪಟ್ಟು ಹಲ್ಲುಗಳಿರುತ್ತವೆ. 36 ಹಲ್ಲುಗಳ ಚಕ್ರವೆಂದು ಇಟ್ಟುಕೊಂಡರೆ, ಚೈನು ಹಾಕುವಾಗ ಒಂದೇ ಹಲ್ಲು ತಪ್ಪಿದರೂ ಕ್ಯಾಮ್ 10 ಡಿಗ್ರಿ ಜಾರಿತು, ಅಂದರೆ ಕ್ರ್ಯಾಂಕ್‌ಶಾಫ್ಟಿನ ಲೆಕ್ಕದಲ್ಲಿ 20 ಡಿಗ್ರಿ. ಡಿಸ್ಟ್ರಿಬ್ಯೂಟರ್ ತಿರುಗುವುದೂ ಕ್ಯಾಮ್‌ಶಾಫ್ಟಿನ ಬಲದಿಂದಲೇ ಆದ್ದರಿಂದ ವಾಲ್ವುಗಳ ಜೊತೆಗೆ ಕಿಡಿಯೂ ಅಷ್ಟೇ ತಡವಾಗುತ್ತದೆ. ಆಗ ಮೆಕ್ಯಾನಿಕ್ ಡಿಸ್ಟ್ರಿಬ್ಯೂಟರನ್ನು ತಿರುಗಿಸಿ ಕಿಡಿಯನ್ನು ಮುಂದಕ್ಕೆ ತರುತ್ತಾನೆ. ಟೈಮಿಂಗ್ ಲೈಟ್ ಹಿಡಿದರೆ ಗುರುತು ಸರಿಯಾದ ಜಾಗದಲ್ಲಿಯೇ ಕಾಣುತ್ತದೆ. ಕಿಡಿ ಸರಿಹೋಯಿತು, ವಾಲ್ವುಗಳು ತಡವಾಗಿಯೇ ಉಳಿದವು. ಲೈಟು ಸುಳ್ಳು ಹೇಳಲಿಲ್ಲ, ಆದರೆ ಅದನ್ನು ಕೇಳಿದ್ದು ಕಿಡಿಯ ವಿಚಾರ ಮಾತ್ರ.

ವಾಲ್ವುಗಳ ವಿಚಾರ ಕೇಳಲು ಬೇರೆ ದಾರಿಗಳಿವೆ, ಅವಕ್ಕೆ ಎಂಜಿನ್ ಬಿಚ್ಚಬೇಕಾಗಿಲ್ಲ. ಬಿಸಿಯಾದ ಎಂಜಿನ್ನಿನ ಪ್ಲಗ್ಗುಗಳನ್ನೆಲ್ಲ ತೆಗೆದು, ಥ್ರಾಟಲ್ ಪೂರ್ತಿ ತೆರೆದು, ಸ್ಟಾರ್ಟರ್ ತಿರುಗಿಸಿ ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳೆಯಬೇಕು. ಒಂದರಲ್ಲಿ ಮಾತ್ರ ಕಡಿಮೆಯಿದ್ದರೆ ವಾಲ್ವನ್ನೋ ರಿಂಗನ್ನೋ ಶಂಕಿಸಬಹುದು. ಅಕ್ಕಪಕ್ಕದ ಎರಡರಲ್ಲಿ ಕಡಿಮೆಯಿದ್ದರೆ ಹೆಡ್ ಗ್ಯಾಸ್ಕೆಟ್ಟನ್ನು. ನಾಲ್ಕರಲ್ಲೂ ಒಂದೇ ಸಮನೆ ಕಡಿಮೆಯಿದ್ದರೆ? ಹೊಸ ರಿಂಗುಗಳು ನಾಲ್ಕೂ ಕಡೆ ಒಂದೇ ಪ್ರಮಾಣದಲ್ಲಿ ಕೆಡುವುದು ಅಪರೂಪ. ಒಳಸೇರುವ ವಾಲ್ವು ತಡವಾಗಿ ಮುಚ್ಚಿ, ಸೇರಿದ ಗಾಳಿಯಲ್ಲಿ ಒಂದಿಷ್ಟು ಹಿಂದಕ್ಕೇ ಹೋಗುತ್ತಿರುವ ಸಂಭವವೇ ಹೆಚ್ಚು. ವ್ಯಾಕ್ಯೂಮ್ ಗೇಜ್ ಕೂಡ ಇದೇ ಮಾತನ್ನು ಹೇಳುತ್ತದೆ: ಮುಳ್ಳು ಅಲುಗಾಡದೆ ನಿಂತಿರುತ್ತದೆ, ಆದರೆ ಇರಬೇಕಾದುದಕ್ಕಿಂತ ಕೆಳಗೆ. ಸಮುದ್ರಮಟ್ಟದ ಮುಂಬಯಿಯಲ್ಲಿ ಆರೋಗ್ಯವಂತ ಎಂಜಿನ್ ನಿಂತಲ್ಲಿ ಓಡುವಾಗ 17ರಿಂದ 21 ಇಂಚು ತೋರಿಸುತ್ತದೆ. ಪುಣೆಯ ಓದುಗರು ಎತ್ತರದ ಸಲುವಾಗಿ ಸುಮಾರು 2 ಇಂಚು ಕಳೆದುಕೊಳ್ಳಬೇಕು.

ಇನ್ನೊಂದು ಪರೀಕ್ಷೆಗೆ ಗೇಜೂ ಬೇಡ. ಮೇಲಿನ ಮುಚ್ಚಳ ತೆಗೆದು ಎಂಜಿನ್ನನ್ನು ಕೈಯಿಂದ ಮೆಲ್ಲಗೆ ತಿರುಗಿಸಿ 4ನೆಯ ಸಿಲಿಂಡರಿನ ವಾಲ್ವುಗಳನ್ನು ನೋಡಬೇಕು. ಹೊರಹಾಕುವ ವಾಲ್ವು ಮುಚ್ಚಿಕೊಳ್ಳುತ್ತಿರುವಾಗಲೇ ಒಳಸೇರುವ ವಾಲ್ವು ತೆರೆದುಕೊಳ್ಳತೊಡಗುವ ಒಂದು ಸಂಧಿಕ್ಷಣವಿದೆ. ಆಗ ಪುಲ್ಲಿಯ ಗುರುತು ಪಿಸ್ಟನ್ನಿನ ತುತ್ತತುದಿಯನ್ನು ತೋರುತ್ತಿರಬೇಕು. ಗುರುತನ್ನೂ ಕಣ್ಣುಮುಚ್ಚಿ ನಂಬಬಾರದು. ಹಳೆಯ ಪುಲ್ಲಿಯ ಜಾಗದಲ್ಲಿ ಬೇರೆ ಪುಲ್ಲಿ ಬಂದಿರಬಹುದು. ಪ್ಲಗ್ಗಿನ ತೂತಿನಲ್ಲಿ ಪಿಸ್ಟನ್ನನ್ನು ತಡೆಯುವ ಬೋಲ್ಟ್ ಕೂರಿಸಿ, ಎರಡೂ ದಿಕ್ಕಿನಿಂದ ಮೆಲ್ಲನೆ ತಿರುಗಿಸಿ, ತಡೆದ ಎರಡು ಜಾಗಗಳ ನಡುಮಧ್ಯವನ್ನು ಗುರುತಿಸಿದರೆ ನಿಜವಾದ ತುದಿ ಸಿಗುತ್ತದೆ.

ಹಿರಿಯರ ಕಾರಿನಲ್ಲಿ ನಾಲ್ಕೂ ಸಿಲಿಂಡರುಗಳು 100 ಪಿಎಸ್ಐ ಆಸುಪಾಸಿನಲ್ಲಿದ್ದವು. ಸಂಧಿಕ್ಷಣ ಬಂದದ್ದು ತುತ್ತತುದಿಯನ್ನು ದಾಟಿ ಸುಮಾರು 20 ಡಿಗ್ರಿಯ ಮೇಲೆ. ಮುಂದಿನ ಮುಚ್ಚಳ ತೆಗೆದಾಗ ಚೈನು ಒಂದು ಹಲ್ಲು ತಪ್ಪಿತ್ತು.

ಹಳಬರು ಒಂದು ಆಕ್ಷೇಪ ಎತ್ತುತ್ತಾರೆ: ಹಿಂದಿನ ಮಿಸ್ತ್ರಿಗಳು ಯಾವ ಗೇಜೂ ಇಲ್ಲದೆ ಕಿವಿಯಿಂದಲೇ ಎಂಜಿನ್ನನ್ನು ಸರಿಮಾಡುತ್ತಿರಲಿಲ್ಲವೇ? ಮಾಡುತ್ತಿದ್ದರು. ಆ ಕಿವಿಯ ಬಗ್ಗೆ ನಮಗೂ ಗೌರವವಿದೆ. ಆದರೆ ಅದು ಪಳಗಿದ್ದು ದಿನವೂ ಓಡುವ ಎಂಜಿನ್ನುಗಳ ಮೇಲೆ. ನಿನ್ನೆ ಸರಿಯಿದ್ದದ್ದು ಇಂದು ಎಲ್ಲಿ ತಪ್ಪಿತೆಂದು ಅದು ಹೇಳಬಲ್ಲದು. ಹೊಸದಾಗಿ ಜೋಡಿಸಿದ ಎಂಜಿನ್ನಿಗೆ ನಿನ್ನೆ ಎಂಬುದೇ ಇಲ್ಲ. ಅಲ್ಲಿ ಯಾವುದನ್ನೂ ಸರಿಯಿದೆಯೆಂದು ಎಣಿಸುವಂತಿಲ್ಲ.

ಹಾಗೆಂದು ತಪ್ಪನ್ನೆಲ್ಲ ಗ್ಯಾರೇಜಿನ ಮೇಲೆ ಹೊರಿಸುವುದು ನ್ಯಾಯವಲ್ಲ. ವಾಹನದ ಒಡೆಯರಾದ ನಾವು ಬಿಲ್ಲು ಕೈಗೆ ಬಂದಾಗ ಕೇಳುವ ಪ್ರಶ್ನೆ ಒಂದೇ: "ಏನು ಬದಲಿಸಿದಿರಿ?" ಬದಲಿಸಿದ ಬಿಡಿಭಾಗಕ್ಕೆ ಹಣ ಕೊಡುತ್ತೇವೆ, ಅರ್ಧ ದಿನ ಅಳೆದು ಏನನ್ನೂ ಬದಲಿಸದೆ ಬಿಟ್ಟವನಿಗೆ ಕೊಡಲು ಚೌಕಾಸಿ ಮಾಡುತ್ತೇವೆ. ಅಳತೆಗೆ ಬೆಲೆಯಿಲ್ಲದ ಕಡೆ ಅಳೆಯುವವರು ಎಲ್ಲಿಂದ ಬಂದಾರು? "ಏನು ಅಳೆದಿರಿ?" ಎಂದು ನಾವು ಕೇಳತೊಡಗಬೇಕು. ಎಂಜಿನ್ ಕಟ್ಟಿಕೊಟ್ಟವರು ಬಿಲ್ಲಿನ ಹಿಂಬದಿಯಲ್ಲಿ ನಾಲ್ಕು ಕಂಪ್ರೆಷನ್ ಅಂಕಿಗಳನ್ನೂ ಕಿಡಿಯ ಡಿಗ್ರಿಯನ್ನೂ ಬರೆದುಕೊಡಬೇಕು, ಅದಕ್ಕೆ ತಗಲುವ ಕೂಲಿಯನ್ನು ನಾವು ಮರುಮಾತಿಲ್ಲದೆ ಕೊಡಬೇಕು. ಅದೊಂದು ಚೀಟಿಯಿದ್ದಿದ್ದರೆ ಹಿರಿಯರ ಕಾರು ನಾಲ್ಕು ಸಲ ಗ್ಯಾರೇಜಿಗೆ ಅಲೆಯುತ್ತಿರಲಿಲ್ಲ, ಗುಜರಿಯ ಮಾತೂ ಏಳುತ್ತಿರಲಿಲ್ಲ.

ಚೈನನ್ನು ಸರಿಯಾಗಿ ಕೂರಿಸಿ, ಡಿಸ್ಟ್ರಿಬ್ಯೂಟರನ್ನು ಹಿಂದಕ್ಕೆ ತಂದು, ಪಾಯಿಂಟಿನ ಅಂತರ ನೋಡಿ, ಕೊನೆಗೆ ಟೈಮಿಂಗ್ ಲೈಟ್ ಹಿಡಿದದ್ದಾಯಿತು. ಒಂದು ದಿನದ ಕೆಲಸ, ಒಂದು ಗ್ಯಾಸ್ಕೆಟ್ಟಿನ ಖರ್ಚು. ಕಂಪ್ರೆಷನ್ ನಾಲ್ಕರಲ್ಲೂ 125 ದಾಟಿತು. ಹಿರಿಯರು ಆ ನಾಲ್ಕು ಅಂಕಿಗಳನ್ನು ಚೀಟಿಯಲ್ಲಿ ಬರೆಸಿಕೊಂಡು ಕಾರಿನ ಕಾಗದಪತ್ರಗಳ ಜೊತೆಗೆ ಇಟ್ಟಿದ್ದಾರೆ. ಬರುವ ಮೇ ತಿಂಗಳಲ್ಲಿ ಕುಮಟೆಗೆ ಹೋಗುವುದೆಂದು ಮನೆಯಲ್ಲಿ ಮಾತಾಗಿದೆಯಂತೆ.