ಜಗಿದು ಆರಿಸಿದ ಗೋಧಿ

ಮನೆಯಲ್ಲಿ ಗೋಧಿ ಹಸನು ಮಾಡುವಾಗ ಹತ್ತಿಪ್ಪತ್ತು ಕಾಳು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಜಗಿದು ನೋಡಿ. ಪಿಷ್ಟವೆಲ್ಲ ಕರಗಿ, ಕೊನೆಗೆ ರಬ್ಬರಿನಂಥ ಅಂಟೊಂದು ಉಳಿಯುತ್ತದೆ. ಅದೇ ಗ್ಲೂಟೆನ್. ಚಪಾತಿಯ ಕಣಕ ಹರಿಯದೆ ಹಿಗ್ಗುವುದೂ ಬ್ರೆಡ್ಡು ಉಬ್ಬುವುದೂ ಈ ಪ್ರೋಟೀನಿನಿಂದಲೇ.

ಸುಮಾರು 120 ವರ್ಷಗಳ ಹಿಂದೆ ಕೆನಡಾದ ಚಾರ್ಲ್ಸ್ ಸಾಂಡರ್ಸ್ ಎಂಬ ವಿಜ್ಞಾನಿ ಮಾಡುತ್ತಿದ್ದುದು ಇದನ್ನೇ. ಒಂದೊಂದು ಹೊಸ ಗಿಡದಿಂದ ಸಿಗುತ್ತಿದ್ದುದು ಹಿಡಿ ಕಾಳು. ಅಷ್ಟನ್ನು ಬೀಸಿ ಬ್ರೆಡ್ಡು ಮಾಡುವುದೆಂತು? ಹಾಗಾಗಿ ಜಗಿದೇ ಗುಣ ಅಳೆದರು. ಹೀಗೆ ಆರಿಸಿದ 'ಮಾರ್ಕ್ವಿಸ್' ತಳಿ ಉತ್ತರ ಅಮೆರಿಕದ ಬಯಲುಗಳನ್ನೆಲ್ಲ ಆವರಿಸಿತು. ಅದರ ಹೆತ್ತವರಲ್ಲಿ ಒಂದು, ನಮ್ಮ ದೇಶದಿಂದ ಹೋದ 'ಹಾರ್ಡ್ ರೆಡ್ ಕಲ್ಕತ್ತಾ' ಗೋಧಿ!

ಕಾಳೇನೋ ಚಿನ್ನ. ಆದರೆ ಗಿಡಕ್ಕೆ ಕಾಂಡದ ತುಕ್ಕು ರೋಗ ತಡೆಯುವ ಶಕ್ತಿ ಇರಲಿಲ್ಲ. ಈ ಶಿಲೀಂಧ್ರ ಕಾಂಡವನ್ನು ಸೀಳಿ ಹೊರಬಂದು, ಗಿಡದ ಸಾರ ಹೀರಿ, ಕಾಳನ್ನು ಜೊಳ್ಳಾಗಿಸುತ್ತದೆ. 1916ರಲ್ಲಿ ಅಮೆರಿಕ, ಕೆನಡಾಗಳ ಬೆಳೆ ಅಪಾರವಾಗಿ ನಾಶವಾಯಿತು.

ಅದೇ ವರ್ಷ ದಕ್ಷಿಣ ಡಕೋಟಾದ ಕಾಲೇಜು ವಿದ್ಯಾರ್ಥಿ ಎಡ್ಗರ್ ಮೆಕ್‌ಫ್ಯಾಡನ್ ಒಂದು ಸಾಹಸಕ್ಕೆ ಕೈಹಾಕಿದ. ತುಕ್ಕಿಗೆ ಬಗ್ಗದ 'ಯಾರೊಸ್ಲಾವ್' ಎಂಬ ಎಮ್ಮರ್ ಗೋಧಿಯನ್ನು ಮಾರ್ಕ್ವಿಸ್ ಜೊತೆ ಸಂಕರ ಮಾಡಿದ. ಎಮ್ಮರ್ ಎಂದರೆ ನಮ್ಮ ಬೆಳಗಾವಿ, ಧಾರವಾಡ ಕಡೆಯ ಸದಕ ಅಥವಾ ಕಪ್ಲಿ ಗೋಧಿಯ ಜಾತಿ. ಹುಗ್ಗಿಗೆ ಒಳ್ಳೆಯದು, ಆದರೆ ಸಿಪ್ಪೆ ಬಿಡಿಸುವುದೇ ಒಂದು ಕೆಲಸ. ಎಮ್ಮರ್‌ಗೆ 28 ವರ್ಣತಂತು, ಬ್ರೆಡ್ ಗೋಧಿಗೆ 42. ಲೆಕ್ಕ ಕೂಡದ ಇಂಥ ಜೋಡಿಯ ಸಂತಾನ ಬಹುಪಾಲು ಬಂಜೆ. ತಿಳಿದವರು ಯಾರೂ ಈ ಸಂಕರದಿಂದ ಹೆಚ್ಚೇನೂ ನಿರೀಕ್ಷಿಸುವಂತಿರಲಿಲ್ಲ. ಹುಡುಗ ಬಿಡಲಿಲ್ಲ. ವರ್ಷಗಳ ಆಯ್ಕೆಯ ನಂತರ ದೊರೆತ ತಳಿಗೆ 'ಹೋಪ್', ಅಂದರೆ ಭರವಸೆ, ಎಂದು ಹೆಸರಿಟ್ಟ.

ಹೋಪ್ ಸ್ವತಃ ಬೆಳೆಯಾಗಿ ಮೆರೆದದ್ದಕ್ಕಿಂತ ತಾಯಿತಳಿಯಾಗಿ ಉಪಕರಿಸಿದ್ದೇ ಹೆಚ್ಚು. ಅದರಲ್ಲಿದ್ದ, ಈಗ 'ಎಸ್‌ಆರ್ 2' ಎನ್ನುವ ಜೀನು ಮೆಕ್ಸಿಕೋದಲ್ಲಿ ನಾರ್ಮನ್ ಬೋರ್ಲಾಗ್ ಬೆಳೆಸಿದ ತಳಿಗಳನ್ನು ಸೇರಿತು. ಅದು ರೋಗವನ್ನು ಪೂರ್ತಿ ತಡೆಯುವುದಿಲ್ಲ. ಬೆಳೆದ ಗಿಡದಲ್ಲಿ ಅದರ ವೇಗ ತಗ್ಗಿಸುತ್ತದೆ, ಅಷ್ಟೆ.

ಇದಕ್ಕೆ ವಿರುದ್ಧವಾದದ್ದು ರೈ ಎಂಬ ಧಾನ್ಯದಿಂದ ಬಂದ 'ಎಸ್‌ಆರ್ 31'. ದಶಕಗಳ ಕಾಲ ತುಕ್ಕನ್ನು ಹತ್ತಿರ ಸುಳಿಯಗೊಡಲಿಲ್ಲ. ಆದರೆ ಅದರೊಂದಿಗೆ ಬಂದ ರೈ ವರ್ಣತಂತುವಿನ ತುಂಡು ಕಣಕವನ್ನು ಕೈಗಂಟುವಂತೆ ಮಾಡುತ್ತಿತ್ತು. ಬೇಕರಿಯವರು ಗೊಣಗಿದರೂ ರೈತರು ಸಹಿಸಿಕೊಂಡರು. 1999ರಲ್ಲಿ ಉಗಾಂಡದ ಗೋಧಿಯಲ್ಲಿ ಗುರುತಿಸಿದ 'ಯುಜಿ 99' ಎಂಬ ಹೊಸ ತುಕ್ಕು ಆ ಗೋಡೆಯನ್ನೂ ಕೆಡವಿತು.

ಆಗ ತಳಿವಿಜ್ಞಾನಿಗಳು ಮತ್ತೆ ನೆನೆದದ್ದು ಮೆಕ್‌ಫ್ಯಾಡನ್‌ನ ಆ ನಿಧಾನಗತಿಯ ಜೀನನ್ನು. ಒಂಟಿಯಾಗಿ ಅದು ಸಾಲದು. ಆದ್ದರಿಂದ ಅದರ ಜೊತೆ ಇನ್ನೂ ಕೆಲವು ಜೀನುಗಳನ್ನು ಕೂಡಿಸುತ್ತಾರೆ. ಹಾಗೆ ಬಂದ ಗಿಡದ ಕಾಳನ್ನು ಬೀಸಿ, ಕಣಕ ಕಲಸಿ, ಚಪಾತಿ ಸುಟ್ಟು ನೋಡುವ ಪರೀಕ್ಷೆ ಆಮೇಲೆಯೂ ಇದ್ದೇ ಇರುತ್ತದೆ.